ಆರು ವರ್ಷ ಪ್ರೀಮಿಯಂ ಕಟ್ಟಿದ್ದೇನೆ: ಹೆಲ್ತ್ ಇನ್ಶೂರೆನ್ಸ್ ನಮ್ಮ ಹಲ್ಲಿಗೆ ಎಷ್ಟು ಕೊಟ್ಟಿತು?

2019ರ ಅಕ್ಟೋಬರ್‌ನಲ್ಲಿ ಈ ಪಾಲಿಸಿ ಮಾಡಿಸಿದ್ದು. ನಾನು, ಹೆಂಡತಿ, ಮಗಳು ಸೇರಿ ಮೂವರಿಗೆ 5 ಲಕ್ಷದ ಫ್ಯಾಮಿಲಿ ಫ್ಲೋಟರ್, ಅಂದರೆ ಆ 5 ಲಕ್ಷ ಮೂವರಿಗೂ ಸೇರಿ. ಖಾಸಗಿ ಕಂಪೆನಿ. ಹೆಸರು ಹೇಳುವುದಿಲ್ಲ, ಹಲ್ಲಿನ ವಿಷಯದಲ್ಲಿ ಹೆಚ್ಚಿನ ಕಂಪೆನಿಗಳ ಹಾಡು ಒಂದೇ. ಡೆಂಗ್ಯೂಗೆ, ಆಪರೇಷನ್‌ಗೆ ಕ್ಲೇಮ್ ಹೇಗೆ ಅಂತ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಹಲ್ಲಿನ ಕಥೆ ಮಾತ್ರ ಹೇಳುತ್ತೇನೆ.

ಮಾಡಿಸುವಾಗಲೇ ಏಜೆಂಟರನ್ನು ಕೇಳಿದ್ದೆ. "ಹಲ್ಲಿಗೂ ಉಂಟು ಸರ್, ನೀವು ಎಂತ ತಲೆಬಿಸಿ ಮಾಡ್ಬೇಡಿ" ಅಂದಿದ್ದರು. ಸುಳ್ಳು ಅಂತ ಹೇಳಲಾರೆ. ಅರ್ಧ ಹೇಳಿದ್ದರು.

ಉಳಿದರ್ಧ ಗೊತ್ತಾದದ್ದು 2021ರ ಒಂದು ಭಾನುವಾರ, ಕೋರಿ ರೊಟ್ಟಿ ತಿನ್ನುವಾಗ. ರೊಟ್ಟಿ ಸಾರಿನಲ್ಲಿ ನೆನೆಯುವ ತನಕ ಕಾಯುವ ತಾಳ್ಮೆ ನನಗಿಲ್ಲ. ಕಟುಂ ಅಂತ ಕೇಳಿತು. ರೊಟ್ಟಿಯದ್ದೇ ಶಬ್ದ ಅಂದುಕೊಂಡೆ. ನಾಲಿಗೆ ತಾಗಿಸಿ ನೋಡಿದರೆ ಬಲಗಡೆ ಕೆಳಗಿನ ದವಡೆ ಹಲ್ಲಿನ ಒಂದು ಮೂಲೆಯೇ ಇಲ್ಲ. ಒಳಗೆ ಮೊದಲೇ ಹುಳುಕು ಹಿಡಿದಿತ್ತಂತೆ, ರೊಟ್ಟಿ ನೆಪ ಅಷ್ಟೆ. ಮಂಗಳೂರಿನ ಬೆಂದೂರ್‌ವೆಲ್ ಹತ್ತಿರದ ಕ್ಲಿನಿಕ್‌ನಲ್ಲಿ ಮೂರು ಸಲ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದೆ. ರೂಟ್ ಕೆನಾಲ್, ಮೇಲೊಂದು ಕ್ಯಾಪ್. ಒಟ್ಟು 11,500 ರೂಪಾಯಿ. ಬಿಲ್ಲು, ಎಕ್ಸ್‌ರೇ ಎಲ್ಲ ಸೇರಿಸಿ ಕ್ಲೇಮ್ ಹಾಕಿದೆ. ಒಂದೇ ವಾರದಲ್ಲಿ ಉತ್ತರ ಬಂತು: ಇಲ್ಲ.

ಆಗ ಮೊದಲ ಸಲ ಪಾಲಿಸಿ ಪೂರ್ತಿ ಓದಿದೆ. ಎರಡು ವರ್ಷ ಮೇಲ್‌ನಲ್ಲೇ ಬಿದ್ದಿತ್ತು ಅದು. ಸಾರ ಇಷ್ಟು: ಅಪಘಾತದಲ್ಲಿ ಹಲ್ಲಿಗೆ ಪೆಟ್ಟಾಗಬೇಕು, ಅದಕ್ಕಾಗಿ ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಬೇಕು. ಎರಡೂ ಇದ್ದರೆ ದುಡ್ಡು. ಹುಳುಕು, ವಸಡಿನ ತೊಂದರೆ, ಕ್ಲೀನಿಂಗ್, ಹಲ್ಲುಸೆಟ್ಟು ಯಾವುದಕ್ಕೂ ಇಲ್ಲ. ಅಡ್ಮಿಟ್ ಅಂದರೆ ಸಾಮಾನ್ಯವಾಗಿ 24 ಗಂಟೆ. ಕಣ್ಣಿನ ಪೊರೆ ತೆಗೆಯುವುದು ಕೆಲವೇ ಗಂಟೆಯ ಕೆಲಸವಾದರೂ ಡೇ ಕೇರ್ ಅಂತ ಒಪ್ಪುತ್ತಾರೆ. ಡೆಂಟಲ್ ಕುರ್ಚಿಯಲ್ಲಿ ಮೂರು ಸಲ ಕೂತರೂ ಅದು ಒಪಿಡಿ, ಅಡ್ಮಿಟ್ ಆಗದೆ ಬಂದು ಹೋಗುವ ಚಿಕಿತ್ಸೆ. ಅಂದರೆ ಇವರು ಹಲ್ಲನ್ನು ನೋಡುವುದಿಲ್ಲ ಮಾರಾಯ್ರೇ, ಮಂಚವನ್ನು ನೋಡುತ್ತಾರೆ!

ನೆರೆಮನೆಯವರು "ನಮ್ಮದು ಆರೋಗ್ಯ ಸಂಜೀವನಿ, ಅದರಲ್ಲಿ ಹಲ್ಲು ಇದೆ" ಅಂದರು. 2020ರ ಏಪ್ರಿಲ್‌ನಿಂದ ಬಂದ ಪಾಲಿಸಿ ಅದು, ಯಾವ ಕಂಪೆನಿಯಲ್ಲಿ ತೆಗೆದುಕೊಂಡರೂ ನಿಯಮ ಒಂದೇ. ಕಾಯಿಲೆಯಿಂದ ಅಥವಾ ಪೆಟ್ಟಿನಿಂದ ಬೇಕಾದ ಹಲ್ಲಿನ ಚಿಕಿತ್ಸೆ ಅಂತ ಅದರಲ್ಲಿ ಬರೆದದ್ದು ನಿಜ. ಆದರೆ ಆ ಸಾಲು ಇರುವುದು ಆಸ್ಪತ್ರೆ ವಾಸದ ಖರ್ಚಿನ ಕೆಳಗೆ. ಅಲ್ಲಿಯೂ ಮಂಚ ಬೇಕು. ಮೇಲಿಂದ ಕ್ಲೇಮಿನ 5% ನಾವೇ ಹಾಕಬೇಕು.

ಇನ್ನು 2023ರ ಜೂನ್. ಮೊದಲ ಮಳೆಗೆ ನಂತೂರು ಹತ್ತಿರ ಹೆಂಡತಿಯ ಸ್ಕೂಟರ್ ಜಾರಿತು. ಗಲ್ಲಕ್ಕೆ ಹೊಲಿಗೆ, ಮೇಲಿನ ಎರಡು ಮುಂದಿನ ಹಲ್ಲಿಗೆ ಪೆಟ್ಟು. ಎರಡು ದಿನ ಅಡ್ಮಿಟ್. ಇಲ್ಲಿ ಕಂಪೆನಿಗೆ ಪೂರ್ತಿ ಮಾರ್ಕು ಕೊಡಬೇಕು. 61,000ದ ಬಿಲ್ಲಿನಲ್ಲಿ 57,800 ಕ್ಯಾಶ್‌ಲೆಸ್ ಆಯಿತು, ಕಂಪೆನಿಯೇ ಆಸ್ಪತ್ರೆಗೆ ಕಟ್ಟಿತು. ಗ್ಲೌಸು, ಫೈಲು ಅಂತ 3,200 ಮಾತ್ರ ಕೈಯಿಂದ ಹೋಯಿತು. ಬುಡದಲ್ಲೇ ಮುರಿದಿದ್ದ ಒಂದು ಹಲ್ಲನ್ನು ಅಲ್ಲೇ ಕಿತ್ತರು, ಅದೂ ಅದೇ ಬಿಲ್ಲಿನಲ್ಲಿ ಬಂತು.

ಕಷ್ಟ ಶುರುವಾದದ್ದು ಮನೆಗೆ ಬಂದ ಮೇಲೆ. ಡಿಸ್ಚಾರ್ಜ್ ಆದ 60 ದಿನದವರೆಗಿನ ಖರ್ಚು ನಮ್ಮ ಪಾಲಿಸಿಯಲ್ಲಿ ಸಿಗುತ್ತದೆ. ಉಳಿದ ಹಲ್ಲಿಗೆ ಮೂರನೇ ವಾರ ರೂಟ್ ಕೆನಾಲ್ ಮಾಡಿಸಿ ಬಿಲ್ಲು ಕಳಿಸಿದೆ. ಪ್ರಶ್ನೆ ಬಂತು: ಆ ಹಲ್ಲಿಗೆ ಅಪಘಾತದಲ್ಲೇ ಪೆಟ್ಟಾದದ್ದು ಅಂತ ಎಲ್ಲಿ ಬರೆದಿದೆ? ಡಿಸ್ಚಾರ್ಜ್ ಸಮರಿ ತೆಗೆದು ನೋಡಿದೆ. ತುಟಿ, ಗಲ್ಲ, ಕಿತ್ತ ಹಲ್ಲು ಇದೆ. ಪಕ್ಕದ ಹಲ್ಲಿನ ಸುದ್ದಿಯೇ ಇಲ್ಲ. ಮತ್ತೆ ಆಸ್ಪತ್ರೆಗೆ ಓಡಿದೆ. ಡಾಕ್ಟರ್ ಪಾಪ, ಎಕ್ಸ್‌ರೇ ನೋಡಿ ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟರು: 21 ಕಿತ್ತದ್ದು, 11ಕ್ಕೆ ಅದೇ ಅಪಘಾತದಲ್ಲಿ ಏಟು. ಪ್ರತಿ ಹಲ್ಲಿಗೂ ಹೀಗೆ ಒಂದು ನಂಬರ್ ಇರುತ್ತದೆ ಅಂತ ನನಗೆ ಗೊತ್ತಾದದ್ದೇ ಅವತ್ತು. ಆ ಎರಡು ಸಾಲಿಗೆ 4,800 ಬಂತು. ಹಾಗಾಗಿ ಬಿದ್ದು ಪೆಟ್ಟಾದರೆ ಮನೆಗೆ ಹೊರಡುವ ಮೊದಲೇ ಸಮರಿಯಲ್ಲಿ ಹಲ್ಲಿನ ನಂಬರ್ ಬರೆಸಿಕೊಳ್ಳಿ.

ಕ್ಯಾಪಿಗೆ ಕೊಡಲಿಲ್ಲ, ಅದು ಅಂದಕ್ಕಂತೆ. ಮುಂದಿನ ಹಲ್ಲು ಅರ್ಧ ಮುರಿದವರು ಅಂದಕ್ಕೆ ಕ್ಯಾಪ್ ಹಾಕಿಸುತ್ತಾರಾ? ಕಂಪೆನಿಯ ದೂರು ವಿಭಾಗಕ್ಕೆ ಬರೆದೆ, ಅಲ್ಲೂ ಇಲ್ಲ ಅಂದರು. ಅದರ ಮೇಲೆ ಬೆಂಗಳೂರಿನಲ್ಲಿ ವಿಮೆಯ ದೂರು ವಿಚಾರಿಸುವ ಒಂಬುಡ್ಸ್‌ಮನ್ ಕಚೇರಿ ಇದೆ, ಫೀಸಿಲ್ಲ, ವಕೀಲರೂ ಬೇಡ. 6,000ಕ್ಕಾಗಿ ನಾನು ಅಲ್ಲಿವರೆಗೆ ಹೋಗಲಿಲ್ಲ. ಸೋಮಾರಿತನ ಅನ್ನಿ.

ಕಿತ್ತ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್ ಹಾಕಿಸಿದ್ದು ಅಕ್ಟೋಬರ್‌ನಲ್ಲಿ. ಎಲುಬು ಕೂಡಿಕೊಳ್ಳಲು ನಾಲ್ಕು ತಿಂಗಳು ಕಾಯಿರಿ ಅಂತ ಡಾಕ್ಟರೇ ಹೇಳಿದ್ದರು. ಪಾಲಿಸಿಯ 60 ದಿನ ಎಲುಬಿಗಾಗಿ ಕಾಯುವುದಿಲ್ಲ ಅಲ್ವಾ? 32,000 ನಮ್ಮದೇ.

ಅದೇ ತಿಂಗಳು ರಿನೀವಲ್. ಸಿಟ್ಟಿನಲ್ಲಿ ಒಪಿಡಿ ರೈಡರ್, ಅಂದರೆ ಒಪಿಡಿ ಖರ್ಚಿಗೆ ಹೆಚ್ಚುವರಿ ದುಡ್ಡಿನ ಸೌಲಭ್ಯ, ಸೇರಿಸಿದೆ, 3,000 ಮತ್ತು ಆಗಿನ 18% ಜಿಎಸ್‌ಟಿ ಸೇರಿ 3,540. ವರ್ಷಕ್ಕೆ ಮಿತಿ 5,000, ಅದರಲ್ಲಿ ಹಲ್ಲಿಗೆ 2,500, ಅದೂ ಅವರ ಪಟ್ಟಿಯ ಕ್ಲಿನಿಕ್‌ನಲ್ಲಿ ಮಾತ್ರ. ವರ್ಷವಿಡೀ ನಾವು ಬಳಸಿದ್ದು ಇಬ್ಬರ ಕ್ಲೀನಿಂಗ್, 1,600. ಮರುವರ್ಷ ತೆಗೆದುಹಾಕಿದೆ.

ಈಗ ನಾವು ಮಾಡುವುದು ಬೇರೆ. ಮಂಗಳೂರಿನಲ್ಲಿದ್ದು ಹಲ್ಲಿಗೆ ಪರದಾಡುವುದು ಅಂದರೆ ಸಮುದ್ರದ ಬದಿಯಲ್ಲಿ ಕೂತು ಮೀನಿಲ್ಲ ಅಂದ ಹಾಗೆ. ಲೈಟ್‌ಹೌಸ್ ಹಿಲ್‌ನಲ್ಲಿ ಒಂದು ಡೆಂಟಲ್ ಕಾಲೇಜು, ದೇರಳಕಟ್ಟೆಯಲ್ಲಿ ಎರಡು, ಕುಂಟಿಕಾನದಲ್ಲಿ ಒಂದು. ಇವುಗಳಲ್ಲಿ ಒಂದಕ್ಕೆ ಹೋಗುತ್ತೇವೆ. ಖರ್ಚು ಕ್ಲಿನಿಕ್‌ನ ಅರ್ಧದಷ್ಟೂ ಆಗುವುದಿಲ್ಲ. ಸಮಯ ಮಾತ್ರ ಜಾಸ್ತಿ ಬೇಕು. ಕೆಲಸ ಮಾಡುವವರು ವಿದ್ಯಾರ್ಥಿಗಳು, ಹಂತ ಹಂತಕ್ಕೂ ಸರ್ ಬಂದು ನೋಡಿ "ಹ್ಞೂಂ" ಅನ್ನಬೇಕು. ನಾನು ಅರ್ಧ ದಿನ ರಜೆ ಹಾಕಿಯೇ ಹೋಗುವುದು. ರೈಡರ್ ಬದಲು ಸೊಸೈಟಿಯಲ್ಲಿ ತಿಂಗಳಿಗೆ 500ರ ಒಂದು ಆರ್‌ಡಿ, ಹಲ್ಲಿಗೆ ಅಂತಲೇ.

ಪಾಲಿಸಿ ಬಿಟ್ಟಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ, ನಮ್ಮ ರಿನೀವಲ್ ಅದರ ನಂತರ ಬಂದದ್ದು ಅದೃಷ್ಟ. ಕಂಪೆನಿ 1,400 ಏರಿಸಿಯೂ ಕಟ್ಟಿದ್ದು 22,400, ಹಿಂದಿನ ವರ್ಷ 24,780 ಇತ್ತು. ಆಸ್ಪತ್ರೆ ವಾಸಕ್ಕೆ ಐದರಲ್ಲಿ ನಾಲ್ಕು ಸ್ಟಾರ್, ಹಲ್ಲಿಗೆ ಒಂದು.

ಮೊನ್ನೆ ಮಗಳ ಹಲ್ಲಿಗೆ ಕ್ಲಿಪ್ ಹಾಕಿಸಬೇಕು ಅಂತ ಡಾಕ್ಟರ್ ಹೇಳಿದರು. ಪಾಲಿಸಿ ತೆರೆದು ನೋಡಲೇ ಇಲ್ಲ. ಸೀದಾ ಆರ್‌ಡಿ ಪಾಸ್‌ಬುಕ್ ತೆಗೆದೆ.