ಮೊಂಮಾರ್ತ್ ಬೆಟ್ಟದ ಬೆನ್ನ ಮೇಲಿನ ಮನೆ: ಹಲವು ಬೇಸಿಗೆ ಬಾಡಿಗೆಗಿದ್ದವನ ವಿಮರ್ಶೆ

ಪ್ಯಾರಿಸ್‌ನ ಮೊಂಮಾರ್ತ್‌ನಲ್ಲಿ ರಜೆಗೆಂದು ಮನೆ ಹಿಡಿಯುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಬೆಟ್ಟದ ನೆತ್ತಿಯ ಮೇಲೆ ಬೇಡ, ಬೆನ್ನ ಮೇಲೆ ಹಿಡಿಯಿರಿ. ನೆತ್ತಿ ಎಂದರೆ ಸಾಕ್ರೆ-ಕೋರ್ ಚರ್ಚು ಮತ್ತು ಚಿತ್ರಕಾರರು ಕೂರುವ ಚೌಕ ಇರುವ ಜಾಗ. ಬೆನ್ನು ಎಂದರೆ ಉತ್ತರದ ಇಳಿಜಾರು, ಕೋಲೆಂಕೂರ್ ರಸ್ತೆ ಮತ್ತು ಅದರ ಆಸುಪಾಸಿನ ಬೀದಿಗಳು. ಜಾಹೀರಾತಿನಲ್ಲಿ ಎರಡನ್ನೂ ಕಲಾವಿದರ ಬಡಾವಣೆಯ ನಟ್ಟನಡುವೆ ಎಂದೇ ಬಣ್ಣಿಸುತ್ತಾರೆ. ನಾವು ಎರಡರಲ್ಲೂ ಇದ್ದು ನೋಡಿದ್ದೇವೆ.

ನಾನು ತುಮಕೂರಿನಲ್ಲಿ ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕನಾಗಿ ನಿವೃತ್ತನಾದವನು. ಮಗಳು, ಅಳಿಯ ಪ್ಯಾರಿಸ್‌ನ ಹೊರವಲಯದಲ್ಲಿದ್ದಾರೆ. ಅವರ ಮನೆಯಲ್ಲಿ ಇಬ್ಬರಿಗೇ ಕೈಕಾಲು ಚಾಚಲು ಜಾಗ ಸಾಲದು. ಹಾಗಾಗಿ ಬೇಸಿಗೆಯಲ್ಲಿ ಕೆಲವು ವಾರಗಳ ಮಟ್ಟಿಗೆ ನಾವು ಗಂಡ ಹೆಂಡತಿ ಬೇರೆ ಮನೆ ಹಿಡಿಯುತ್ತೇವೆ. ತುಮಕೂರಿನ ನಮ್ಮ ಮನೆಯ ಮಹಡಿಯನ್ನು ನಾನೇ ಎಂಜಿನಿಯರಿಂಗ್ ಓದುವ ಹುಡುಗರಿಗೆ ಬಾಡಿಗೆಗೆ ಕೊಟ್ಟಿರುವುದರಿಂದ ಮನೆ ಮಾಲೀಕನ ಲೆಕ್ಕಾಚಾರವೂ ನನಗೆ ಗೊತ್ತು. ಆ ಮಹಡಿಗೆ ತಿಂಗಳಿಗೆ ಬರುವ ಬಾಡಿಗೆ ಹೆಚ್ಚುಕಡಿಮೆ ಮೊಂಮಾರ್ತ್‌ನ ಒಂದು ರಾತ್ರಿಗೆ ಸರಿಹೋಗುತ್ತದೆ. ಈ ಮಾತು ಕೇಳಿ ಎದೆ ಧಸಕ್ಕೆನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು. ಆದರೆ ಅದೇ ದರದ ಹೋಟೆಲ್ ಕೋಣೆಯಲ್ಲಿ ಒಲೆ ಇರುವುದಿಲ್ಲ, ಬಟ್ಟೆ ಒಗೆಯುವ ಯಂತ್ರ ಇರುವುದಿಲ್ಲ, ಮಗಳು ಬಂದರೆ ಕೂರಿಸಲು ಒಂದು ಮೇಜೂ ಇರುವುದಿಲ್ಲ.

ಮೊದಲು ಇದ್ದದ್ದು ನೆತ್ತಿಯ ಮನೆಯಲ್ಲಿ. ಕಿಟಕಿ ತೆರೆದರೆ ಚರ್ಚಿನ ಬಿಳಿ ಗುಮ್ಮಟ ಕಾಣುತ್ತಿತ್ತು. ಕಿಟಕಿ ತೆರೆಯಲು ಮಾತ್ರ ಆಗುತ್ತಿರಲಿಲ್ಲ. ಕೆಳಗೆ ಮಧ್ಯರಾತ್ರಿಯವರೆಗೆ ಅಕಾರ್ಡಿಯನ್, ಬೆಳಗಾದರೆ ಕಲ್ಲುಹಾಸಿನ ಮೇಲೆ ಸೂಟ್‌ಕೇಸ್ ಚಕ್ರಗಳ ಗಡಗಡ. ತರಕಾರಿ ಬೇಕೆಂದರೆ ಬೆಟ್ಟ ಇಳಿಯಬೇಕು, ಏಕೆಂದರೆ ಮೇಲಿರುವುದೆಲ್ಲ ನೆನಪಿನ ಕಾಣಿಕೆಗಳ ಅಂಗಡಿ. ಆಮೇಲೆ ಸಿಕ್ಕಿದ್ದು ಈಗಿನ ಮನೆ. ಇಲ್ಲಿ ಬೀದಿಯಲ್ಲಿ ಬೇಕರಿ, ಔಷಧಿ ಅಂಗಡಿ, ಶಾಲೆ ಇವೆ. ಸಂಜೆ ಮಕ್ಕಳು ಸ್ಕೂಟರ್ ತಳ್ಳುತ್ತಾ ಮನೆಗೆ ಹೋಗುತ್ತಾರೆ. ಗುಮ್ಮಟ ಕಾಣುವುದಿಲ್ಲ. ಅದನ್ನು ನೋಡಬೇಕೆನಿಸಿದರೆ ಹತ್ತು ನಿಮಿಷ ಮೆಟ್ಟಿಲು ಹತ್ತಿದರಾಯಿತು.

ಮನೆಯ ಒಡತಿ ವರ್ಷವೆಲ್ಲ ಅದೇ ಮನೆಯಲ್ಲಿ ಇರುವವರು. ಬೇಸಿಗೆಯಲ್ಲಿ ಹಳ್ಳಿಗೆ ಹೋದಾಗ ಬಾಡಿಗೆಗೆ ಬಿಡುತ್ತಾರೆ. ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ತಕರಾರು ತಪ್ಪುತ್ತದೆ. ಒಂದು ಬೀರುವಿಗೆ ಬೀಗ, ಫ್ರಿಜ್ಜಿನಲ್ಲಿ ಅವರ ಸಾಸಿವೆ ಗೊಜ್ಜು, ಗೋಡೆ ತುಂಬ ಅವರ ಪುಸ್ತಕ. ಪ್ಯಾರಿಸ್‌ನಲ್ಲಿ ಸ್ವಂತ ವಾಸದ ಮನೆಯನ್ನು ಪ್ರವಾಸಿಗರಿಗೆ ವರ್ಷಕ್ಕೆ ಇಂತಿಷ್ಟೇ ದಿನ ಕೊಡಬಹುದೆಂಬ ನಿಯಮವಿದೆ. ಮೊದಲು 120 ದಿನ ಇದ್ದ ಮಿತಿಯನ್ನು 2025ರಿಂದ 90ಕ್ಕೆ ಇಳಿಸಿದ್ದಾರೆ. ಊರಿನವರಿಗೆ ಬಾಡಿಗೆ ಮನೆ ಸಿಗದಂತಾಗಿದೆ ಎಂಬುದು ಅದಕ್ಕೆ ಕಾರಣ, ನ್ಯಾಯವಾದ ಕಾರಣವೇ. ನಮಗೆ ಅದರ ಪರಿಣಾಮ ಇಷ್ಟೇ: ಒಳ್ಳೆಯ ಮನೆಗಳ ಜುಲೈ, ಆಗಸ್ಟ್ ಬೇಗ ತುಂಬಿಹೋಗುತ್ತದೆ. ಜಾಹೀರಾತಿನಲ್ಲಿ ಅಧಿಕೃತ ನೋಂದಣಿ ಸಂಖ್ಯೆ ಇದೆಯೇ ನೋಡಿ. ಇಲ್ಲದಿದ್ದರೆ ಬಾಡಿಗೆ ಎಷ್ಟೇ ಕಡಿಮೆಯಿದ್ದರೂ ಅದರ ಗೊಡವೆ ಬೇಡ. ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಎಂದು ಪ್ರವಾಸಿ ತೆರಿಗೆಯೂ ಸೇರುತ್ತದೆ. ಅದು ಬಾಡಿಗೆಯೊಳಗೇ ಇದೆಯೇ, ಬೇರೆಯೇ ಎಂದು ಮುಂಚೆಯೇ ಕೇಳಿಕೊಳ್ಳಿ.

ಇನ್ನು ಮೆಟ್ಟಿಲು. ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ, ಮರದ ಸುರುಳಿ ಮೆಟ್ಟಿಲು. ಅಲ್ಲಿನ ಹಳೆಯ ಕಟ್ಟಡಗಳಲ್ಲಿ ಇದೇ ರೂಢಿ. ಸಿದ್ಧಗಂಗೆಯ ಬೆಟ್ಟ ಹತ್ತಿ ರೂಢಿಯಿರುವವರಿಗೆ ಕಾಲಿನ ತೊಂದರೆ ಇಲ್ಲ, ತೊಂದರೆ ಇರುವುದು ದೀಪದ್ದು. ಗುಂಡಿ ಒತ್ತಿದರೆ ಸ್ವಲ್ಪ ಹೊತ್ತು ಉರಿದು ತಾನಾಗಿಯೇ ಆರಿಹೋಗುತ್ತದೆ. ಕೈಯಲ್ಲಿ ಅಕ್ಕಿಚೀಲ ಹಿಡಿದು ಮೂರನೇ ತಿರುವಿನಲ್ಲಿ ಕತ್ತಲಾದರೆ ಗೋಡೆ ತಡವಬೇಕು. ಮತ್ತೊಂದು ಎಚ್ಚರಿಕೆ: ಮನೆಯ ಬಾಗಿಲು ಎಳೆದ ತಕ್ಷಣ ಬೀಗ ಬೀಳುತ್ತದೆ, ಹೊರಗಿನಿಂದ ತಿರುಗಿಸುವ ಹಿಡಿ ಇಲ್ಲ. ಪಕ್ಕದ ಮನೆಯವರಿಗೆ ನಮಸ್ಕಾರ ಹೇಳಲು ಹೊರಗೆ ಹೋಗುವುದಾದರೂ ಕೀಲಿ ಜೇಬಿನಲ್ಲಿರಲಿ. ಬೀಗ ತೆಗೆಯುವವನನ್ನು ಭಾನುವಾರ ಕರೆಸಿದರೆ ಅವನು ಕೇಳುವ ಹಣದಲ್ಲಿ ನಮ್ಮೂರಲ್ಲಿ ಹೊಸ ಬಾಗಿಲನ್ನೇ ಕೂರಿಸಬಹುದು.

ಅಡುಗೆಮನೆಗೆ ನಮ್ಮ ಮನೆಯವರು ಕೊಟ್ಟ ಅಂಕ ಹತ್ತಕ್ಕೆ ಆರು. ಇಂಡಕ್ಷನ್ ಒಲೆ ಆದ್ದರಿಂದ ಅಲ್ಯೂಮಿನಿಯಂ ಕುಕ್ಕರ್ ಹೊತ್ತುಕೊಂಡು ಹೋಗಿ ಪ್ರಯೋಜನವಿಲ್ಲ, ತಳಕ್ಕೆ ಅಯಸ್ಕಾಂತ ಅಂಟುವ ಸ್ಟೀಲ್ ಕುಕ್ಕರ್ ಬೇಕು. ಹೊಗೆ ಪತ್ತೆ ಮಾಡುವ ಯಂತ್ರ 2015ರಿಂದ ಫ್ರಾನ್ಸ್‌ನ ಪ್ರತಿ ಮನೆಗೂ ಕಡ್ಡಾಯ. ಒಣಮೆಣಸಿನಕಾಯಿ ಒಗ್ಗರಣೆಗೆ ಅದು ತಪ್ಪದೆ ಕೂಗುತ್ತದೆ. ಕಿಟಕಿ ತೆರೆದು ಒಗ್ಗರಣೆ ಹಾಕಿ, ಯಂತ್ರವನ್ನು ಮಾತ್ರ ಕಳಚಬೇಡಿ. ಶೌಚಾಲಯದಲ್ಲಿ ನೀರಿನ ನಲ್ಲಿ ಇಲ್ಲ, ಬಚ್ಚಲು ಬೇರೆ ಕಡೆ ಇದೆ. ಒಂದು ಪ್ಲಾಸ್ಟಿಕ್ ಚೊಂಬು ಸೂಟ್‌ಕೇಸಿನಲ್ಲಿರಲಿ. ಬಿಸಿನೀರಿನ ಹಂಡೆ ರಾತ್ರಿ ಕಾಯುತ್ತದೆ, ಬೆಳಿಗ್ಗೆ ಇಬ್ಬರ ಸ್ನಾನಕ್ಕೆ ಬರುತ್ತದೆ, ಮೂರನೆಯವರಿಗೆ ತಣ್ಣೀರು.

ಬೇಸಿಗೆ ತಂಪಾಗಿರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2019ರ ಜುಲೈ 25ರಂದು ಪ್ಯಾರಿಸ್‌ನಲ್ಲಿ 42.6 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಮನೆಗಳಲ್ಲಿ ಎಸಿ ಅಪರೂಪ, ಛಾವಣಿಗೆ ಫ್ಯಾನ್ ಇಲ್ಲವೇ ಇಲ್ಲ. ಕಟ್ಟಡದ ಕೊನೆಯ ಮಹಡಿಯ ಮೇಲೆ ಸತುವಿನ ತಗಡಿನ ಮಾಡು ಇರುತ್ತದೆ. ಚಿತ್ರದಲ್ಲಿ ಚೆನ್ನಾಗಿ ಕಾಣುವ ಆ ಓರೆ ಗೋಡೆಯ ಕೋಣೆಯಲ್ಲಿ ಜುಲೈ ತಿಂಗಳು ಮಲಗಲಾಗದು. ನಮ್ಮ ಮನೆಯ ಮೇಲೆ ಇನ್ನೂ ಎರಡು ಮಹಡಿ ಇರುವುದು ಈ ಕಾರಣಕ್ಕೇ ನನಗೆ ಇಷ್ಟ.

ದಿನಸಿಯ ಚಿಂತೆ ಬೇಡ. ಬೆಟ್ಟ ಇಳಿದು ಪೂರ್ವಕ್ಕೆ ಅರ್ಧ ಗಂಟೆ ನಡೆದರೆ ಲಾ ಶಾಪೆಲ್, ಶ್ರೀಲಂಕಾದ ತಮಿಳರ ಪೇಟೆ. ಕರಿಬೇವು, ತೆಂಗಿನಕಾಯಿ, ನುಗ್ಗೆಕಾಯಿ, ಇಡ್ಲಿ ರವೆ ಎಲ್ಲವೂ ಇವೆ. ಕುರಕ್ಕನ್ ಎಂದು ಬರೆದ ಪೊಟ್ಟಣ ಹುಡುಕಿ, ಅದು ನಮ್ಮ ರಾಗಿ ಹಿಟ್ಟು. ಪಿಕಾಸೊ ಇದ್ದ ಬೆಟ್ಟದಲ್ಲಿ ಮುದ್ದೆ ಉಂಡವರ ಪಟ್ಟಿಯಲ್ಲಿ ನಮ್ಮ ಹೆಸರೂ ಇದೆ. ಅದೇ ಕಡೆ ಮಾಣಿಕ್ಕ ವಿನಾಯಕರ ದೇವಸ್ಥಾನವಿದೆ. ಬೇಸಿಗೆಯ ಕೊನೆಯಲ್ಲಿ ಅದರ ರಥ ಬೀದಿಗೆ ಬರುತ್ತದೆ, ಈಡುಗಾಯಿ ರಾಶಿ ರಾಶಿ ಒಡೆಯುತ್ತಾರೆ. ಆಗಸ್ಟ್ ಕೊನೆಯವರೆಗೆ ಇರುವವರು ತಪ್ಪಿಸಿಕೊಳ್ಳಬೇಡಿ.

ಕಲಾವಿದರ ವಿಷಯಕ್ಕೆ ಬರೋಣ, ಹಣ ಕೊಡುವುದೇ ಅದಕ್ಕೆ ತಾನೆ. ಇಲ್ಲಿಗೆ ಅವರು ಬಂದದ್ದು ಸೊಬಗಿಗಿಂತ ಹೆಚ್ಚಾಗಿ ಅಗ್ಗಕ್ಕೆ. 1860ರವರೆಗೆ ಮೊಂಮಾರ್ತ್ ಪ್ಯಾರಿಸ್‌ನ ಸುಂಕದ ಗೋಡೆಯ ಹೊರಗಿನ ಹಳ್ಳಿ. ಗಾಳಿಗಿರಣಿ, ದ್ರಾಕ್ಷಿತೋಟ, ಜಿಪ್ಸಂ ಗಣಿ ಇದ್ದ ಊರು. ಸುಂಕವಿಲ್ಲದ ದ್ರಾಕ್ಷಾರಸ ಇಲ್ಲಿ ಕಡಿಮೆ ಬೆಲೆಗೆ ಸಿಗುತ್ತಿತ್ತು, ನಗರಕ್ಕೆ ಸೇರಿದ ಮೇಲೂ ಬಾಡಿಗೆ ಕಡಿಮೆಯೇ ಇತ್ತು. ಗಣೇಶನ ಮೂರ್ತಿಗೆ ಬಳಸಬೇಡಿ ಎಂದು ನಾನು ಮಕ್ಕಳಿಗೆ ವರ್ಷ ವರ್ಷ ಹೇಳುತ್ತಿದ್ದ ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ ಹೆಸರು ತಂದದ್ದು ಈ ಬೆಟ್ಟದ ಗಣಿಗಳೇ. ಅಗೆದು ಟೊಳ್ಳಾದ ನೆಲ ಆದ್ದರಿಂದಲೇ 1875ರಲ್ಲಿ ಶುರುವಾದ ಚರ್ಚಿಗೆ ನೂರಡಿ ಆಳದ ಕಂಬಗಳ ಬುನಾದಿ ಹಾಕಬೇಕಾಯಿತು.

ಪಿಕಾಸೊ 1904ರಲ್ಲಿ ಬಂದು ನೆಲೆಸಿದ ಬಾತೋ ಲಾವ್ವಾರ್ ಎಂಬ ಮರದ ಕಟ್ಟಡ 1970ರಲ್ಲಿ ಸುಟ್ಟುಹೋಗಿದೆ. ಈಗಿರುವುದು ಆಮೇಲೆ ಕಟ್ಟಿದ್ದು, ಬೀದಿಯ ಕಡೆ ಒಂದು ಗಾಜಿನ ಕಿಟಕಿಯಲ್ಲಿ ಫೋಟೊಗಳಿವೆ, ಒಳಗೆ ಬಿಡುವುದಿಲ್ಲ. ಲೆಪಿಕ್ ರಸ್ತೆಯ 54ನೇ ಮನೆಯಲ್ಲಿ ವ್ಯಾನ್ ಗೋ ತಮ್ಮ ಥಿಯೋ ಜೊತೆ 1886ರಿಂದ ಎರಡು ವರ್ಷ ಇದ್ದ. ಅದೂ ಖಾಸಗಿ ಮನೆ, ಗೋಡೆಯ ಫಲಕ ಓದಿ ಮುಂದೆ ಹೋಗಬೇಕು. ಚೌಕದಲ್ಲಿ ಭಾವಚಿತ್ರ ಬರೆಯುವವರಿಗೆ ನಗರಾಡಳಿತದ ಪರವಾನಗಿ ಇರುತ್ತದೆ, ಅವರಲ್ಲಿ ಕೆಲವರ ಗೆರೆ ನಿಜಕ್ಕೂ ಗಟ್ಟಿ. ಕಾಗದದ ಹಲಗೆ ಕಂಕುಳಲ್ಲಿಟ್ಟುಕೊಂಡು ಬೀದಿಯಲ್ಲಿ ತೋಳು ಹಿಡಿದು ನಿಲ್ಲಿಸುವವರ ಗೆರೆ ನನ್ನ ಎಂಟನೇ ತರಗತಿಯ ಹುಡುಗರದಕ್ಕಿಂತ ಸಡಿಲ, ದರ ಮಾತ್ರ ಬಿಗಿ.

ಹಣ ಕೊಟ್ಟು ನೋಡಲೇಬೇಕಾದದ್ದು ಕೊರ್ತೋ ರಸ್ತೆಯ ಮೊಂಮಾರ್ತ್ ವಸ್ತುಸಂಗ್ರಹಾಲಯ. 1876ರಲ್ಲಿ ಚಿತ್ರಕಾರ ರೆನ್ವಾರ್ ಅಲ್ಲಿ ಕೋಣೆ ಬಾಡಿಗೆಗೆ ಹಿಡಿದಿದ್ದ. ಅದೇ ಆವರಣದಲ್ಲಿ ಸುಜಾನ್ ವಲಾಡೋನ್ ತನ್ನ ಮಗ ಉತ್ರಿಲ್ಲೊ ಜೊತೆ ವರ್ಷಗಟ್ಟಲೆ ಇದ್ದಳು, ಆಕೆಯ ಚಿತ್ರಶಾಲೆಯನ್ನು ಹಾಗೆಯೇ ಮರುಜೋಡಿಸಿದ್ದಾರೆ. ಬಟ್ಟೆ ಒಗೆಯುವವಳ ಮಗಳು, ದೊಡ್ಡ ದೊಡ್ಡ ಚಿತ್ರಕಾರರ ಮುಂದೆ ರೂಪದರ್ಶಿಯಾಗಿ ಕೂತು, ಅವರ ಕೈ ನೋಡಿ ನೋಡಿ ತಾನೇ ಕುಂಚ ಹಿಡಿದವಳು. ಪಾಠ ಹೇಳಿ ಕಲಿಸಬಹುದು ಎಂಬ ನನ್ನಂಥವರ ನಂಬಿಕೆಗೆ ಅವಳೊಬ್ಬಳೇ ಸಾಕು ಉತ್ತರ. ಉತ್ತರ ದಿಕ್ಕಿನ ಬೆಳಕು ಬೀಳುವ ಆ ದೊಡ್ಡ ಕಿಟಕಿಯ ಮುಂದೆ ನಾನು ಪ್ರತಿ ಬಾರಿಯೂ ನಿಲ್ಲುತ್ತೇನೆ, ಮನೆಯವರು ಕೆಳಗೆ ತೋಟದ ಬೆಂಚಿನಲ್ಲಿ ಕಾಯುತ್ತಾರೆ. ಪಕ್ಕದ ಇಳಿಜಾರಿನಲ್ಲಿ 1933ರಲ್ಲಿ ನೆಟ್ಟ ದ್ರಾಕ್ಷಿತೋಟ ಇದೆ. ಇದೆಲ್ಲ ನಮ್ಮ ಬಾಡಿಗೆ ಮನೆಯಿಂದ ನಡಿಗೆಯ ದೂರ, ಬೆಳಿಗ್ಗೆ ಎಂಟಕ್ಕೆ ಹೋದರೆ ಬೀದಿಗಳು ಖಾಲಿ. ಆ ಹೊತ್ತಿಗೆ ಅಲ್ಲಿರಲು ಸಾಧ್ಯವಾಗುವುದೇ ಈ ಬಾಡಿಗೆಯ ನಿಜವಾದ ಲಾಭ.

ಮೊಣಕಾಲು ನೋವಿನವರು ಬೆಟ್ಟ ಹತ್ತಲು 40ನೇ ಸಂಖ್ಯೆಯ ಸಣ್ಣ ಬಸ್ ಹಿಡಿಯಬಹುದು. ಆದರೆ ಮನೆಯ ಮೆಟ್ಟಿಲಿಗೆ ಬಸ್ ಇಲ್ಲ, ಅಂಥವರು ಲಿಫ್ಟ್ ಇರುವ ಕಟ್ಟಡವನ್ನೇ ಹುಡುಕಿ, ಲಿಫ್ಟಿನ ಫೋಟೊ ಕೇಳಿ ತರಿಸಿಕೊಳ್ಳಿ. ಮೆಟ್ರೊದಲ್ಲಿ ಅಬ್ಬೆಸ್ ನಿಲ್ದಾಣ 36 ಮೀಟರ್ ಆಳದಲ್ಲಿದೆ. ಗೋಡೆಯ ಚಿತ್ರಗಳನ್ನು ನೋಡುತ್ತಾ ಹತ್ತೋಣ ಎಂಬ ಉತ್ಸಾಹ ಬೇಡ, ಅಲ್ಲಿ ಲಿಫ್ಟ್ ಇದೆ.

ಒಂದು ಕಹಿಯೂ ಉಂಟು. ಕಳೆದ ಬಾರಿ ಮನೆ ಬಿಟ್ಟ ಮೇಲೆ ಒಲೆಯ ಗಾಜಿನ ಮೇಲೆ ಗೀರು ಬಿದ್ದಿದೆ ಎಂದು ಠೇವಣಿಯಿಂದ ಹಣ ಹಿಡಿದುಕೊಂಡರು. ಬಂದ ದಿನವೇ ಮಗಳು ಮನೆಯ ಮೂಲೆಮೂಲೆಯ ಫೋಟೊ ತೆಗೆದಿಟ್ಟಿದ್ದಳು, ಗೀರು ಆಗಲೇ ಅಲ್ಲಿತ್ತು. ಫೋಟೊ ಕಳಿಸಿದ ಮೇಲೆ ಹಣ ಬಂತು, ಕ್ಷಮೆ ಬರಲಿಲ್ಲ. ನಾನೂ ಮನೆ ಬಾಡಿಗೆಗೆ ಕೊಡುವವನೇ. ಹುಡುಗರು ಖಾಲಿ ಮಾಡುವಾಗ ಸುಣ್ಣಬಣ್ಣಕ್ಕೆಂದು ಅಡ್ವಾನ್ಸ್‌ನಲ್ಲಿ ಹಿಡಿಯುವ ನಾನು ಈ ವಿಷಯದಲ್ಲಿ ಹೆಚ್ಚು ದನಿ ಎತ್ತುವ ಹಾಗಿಲ್ಲ.

ವೀಸಾ ಅರ್ಜಿಗೆ ವಸತಿಯ ದಾಖಲೆ ಕೇಳುತ್ತಾರೆ, ಮನೆ ಕಾದಿರಿಸಿದ ಪತ್ರ ಅದಕ್ಕೆ ಆಗುತ್ತದೆ. ಆದರೆ ವೀಸಾ ಸಿಗದಿದ್ದರೆ ಹಣ ಮರಳಿಸುವ ಷರತ್ತಿರುವ ಮನೆಯನ್ನೇ ಹಿಡಿಯಿರಿ. ನಾವು ಮುಂದಿನ ಬೇಸಿಗೆಗೂ ಇದೇ ಮನೆಗೆ ಹೇಳಿದ್ದೇವೆ. ಒಡತಿ ಬಾಡಿಗೆ ಏರಿಸಿದ್ದಾರೆ, ನಾವು ಒಂದು ವಾರ ಇಳಿಸಿದ್ದೇವೆ. ಒಂದು ಟೇಬಲ್ ಫ್ಯಾನ್ ತರಿಸಿಡಲು ಒಪ್ಪಿದ್ದಾರೆ.