ಪಿಎಸ್‌ಯುಟಿಲ್, ವರ್ಷಗಟ್ಟಲೆ ಬಳಸಿದ ಮೇಲೆ: ಕೋಡ್ ಒಂದೇ, ಉತ್ತರ ಬೇರೆ ಬೇರೆ

ಪೈಥಾನ್ ಬರೆಯುವವರಿಗೆ ಪಿಎಸ್‌ಯುಟಿಲ್ ಹೊಸ ಹೆಸರೇನಲ್ಲ. ಮಷೀನಿನಲ್ಲಿ ಯಾವ ಪ್ರೋಸೆಸ್, ಅಂದರೆ ಯಾವ ಪ್ರೋಗ್ರಾಂ, ಓಡುತ್ತಿದೆ, ಎಷ್ಟು ಮೆಮೊರಿ ತಿನ್ನುತ್ತಿದೆ, ಯಾವ ಪೋರ್ಟ್ (ನೆಟ್‌ವರ್ಕ್‌ನ ಬಾಗಿಲು ಸಂಖ್ಯೆ) ಹಿಡಿದು ಕೂತಿದೆ, ಹೊರಗೆ ಯಾರ ಜೊತೆ ಮಾತಾಡುತ್ತಿದೆ, ಇದನ್ನೆಲ್ಲ ನಮ್ಮ ಕೋಡ್‌ನಿಂದಲೇ ಕೇಳಿ ತಿಳಿಯುವ ಲೈಬ್ರರಿ. ಇಟಲಿಯ ಜಾಂಪಾವೊಲೊ ರೊಡೊಲಾ 2009ರಲ್ಲಿ ಬಿಡುಗಡೆ ಮಾಡಿದ್ದು. ಬಿಎಸ್‌ಡಿ ಲೈಸೆನ್ಸ್, ದುಡ್ಡು ಕೊಡಬೇಕಾಗಿಲ್ಲ. ಮಷೀನ್‌ಗಳ ಮೇಲೆ ಕಣ್ಣಿಡುವ ನಮ್ಮ ಮಾನಿಟರಿಂಗ್ ಏಜೆಂಟ್ ನಿಂತಿರುವುದೇ ಇದರ ಮೇಲೆ. ಅದು ಲಿನಕ್ಸ್ ಸರ್ವರ್‌ಗಳಲ್ಲಿ, ಅಂಗಡಿಗಳ ವಿಂಡೋಸ್ ಬಿಲ್ಲಿಂಗ್ ಮಷೀನ್‌ಗಳಲ್ಲಿ, ಜೊತೆಗೆ ಒಂದಷ್ಟು ಡೆವಲಪರ್‌ಗಳ ಮ್ಯಾಕ್‌ಗಳಲ್ಲಿ ಓಡುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ಇದನ್ನು ಬಿಡುವ ಯೋಚನೆ ಇಲ್ಲ. ಆದರೆ "ಒಂದು ಸಲ ಬರೆದರೆ ಎಲ್ಲಾ ಕಡೆ ಓಡುತ್ತೆ" ಅನ್ನೋ ಮಾತನ್ನು ಅರ್ಧ ಮಾತ್ರ ನಂಬಿ. ಓಡುವುದೇನೋ ನಿಜ. ಸಿಗುವ ಉತ್ತರದ ಅರ್ಥ ಮಾತ್ರ ಮಷೀನಿನಿಂದ ಮಷೀನಿಗೆ ಬದಲಾಗುತ್ತದೆ.

ಈ ಲೈಬ್ರರಿ ಎಷ್ಟು ಕೆಲಸ ಉಳಿಸುತ್ತದೆ ಅಂತ ಗೊತ್ತಾಗಬೇಕಾದರೆ, ಒಮ್ಮೆ ಇದಿಲ್ಲದೆ ಮಾಡಿ ನೋಡಬೇಕು. ಲಿನಕ್ಸ್‌ನಲ್ಲಿ 5432 ಪೋರ್ಟ್ ಯಾರ ಕೈಯಲ್ಲಿದೆ ಅಂತ ತಿಳಿಯಬೇಕು ಅಂದುಕೊಳ್ಳಿ. /ಪ್ರೋಕ್/ನೆಟ್/ಟಿಸಿಪಿ ಫೈಲ್ ತೆರೆದರೆ "00000000:1538" ಅಂತ ಒಂದು ಸಾಲು ಕಾಣುತ್ತದೆ. ಹೆಕ್ಸ್‌ನಲ್ಲಿ (16ರ ಎಣಿಕೆಯಲ್ಲಿ) ಬರೆದ 1538 ಅಂದರೆ ನಮ್ಮ 5432. ಐಪಿ ವಿಳಾಸವೂ ಹೆಕ್ಸ್‌ನಲ್ಲೇ. ಸಾಮಾನ್ಯ ಇಂಟೆಲ್ ಮಷೀನಿನಲ್ಲಿ ಅದು ಹಿಂದುಮುಂದಾಗಿ ಬೇರೆ ಕೂತಿರುತ್ತದೆ: 127.0.0.1ರಲ್ಲಿ 1 ಮೊದಲು, 127 ಕೊನೆಗೆ. ಸರಿ, ಅದನ್ನೂ ಬಿಡಿಸಿದಿರಿ. ಆದರೆ ಆ ಸಾಲಿನಲ್ಲಿ ಪಿಐಡಿಯೇ (ಪ್ರೋಸೆಸ್‌ನ ನಂಬರ್) ಇಲ್ಲ! ಬರೀ ಒಂದು ಐನೋಡ್ ನಂಬರ್, ಅಂದರೆ ಆ ಸಾಕೆಟ್‌ಗೆ (ನೆಟ್‌ವರ್ಕ್ ಸಂಪರ್ಕದ ತುದಿಗೆ) ಓಎಸ್ ಕೊಟ್ಟ ಗುರುತು. ಈಗ ಪ್ರತಿಯೊಂದು ಪ್ರೋಸೆಸ್‌ನ ಎಫ್‌ಡಿ ಫೋಲ್ಡರ್‌ಗೆ (ಅದು ತೆರೆದಿಟ್ಟ ಫೈಲ್, ಸಾಕೆಟ್‌ಗಳ ಪಟ್ಟಿಗೆ) ಹೋಗಿ, ಒಂದೊಂದು ಲಿಂಕನ್ನೂ ಓದಿ, ಆ ಐನೋಡ್‌ನ ಸಾಕೆಟ್ ಎಲ್ಲಿದೆ ಅಂತ ಹುಡುಕಬೇಕು.

ಸಿಕ್ಕಿದ ಮೇಲೆ ಹೆಸರು ಬೇಕಲ್ವಾ? ಆ ಪ್ರೋಸೆಸ್‌ನ ಸ್ಟ್ಯಾಟ್ ಫೈಲ್‌ನಲ್ಲಿ ಹೆಸರು ಬ್ರಾಕೆಟ್ ಒಳಗಿರುತ್ತದೆ. ಹೆಸರಿನಲ್ಲೇ ಸ್ಪೇಸ್ ಅಥವಾ ಬ್ರಾಕೆಟ್ ಇದ್ದರೆ, ಸ್ಪೇಸ್ ನೋಡಿ ಸಾಲನ್ನು ಕತ್ತರಿಸುವ ಕೋಡ್ ಕೈಕೊಡುತ್ತದೆ. ಅದರ ಮೇಲೆ ಕರ್ನಲ್ (ಓಎಸ್‌ನ ತಿರುಳು) 15 ಅಕ್ಷರ ಆದ ಮೇಲೆ ಹೆಸರನ್ನು ಮೊಟಕು ಮಾಡುತ್ತದೆ. ಪಿಎಸ್‌ಯುಟಿಲ್ ಅಂಥ ಕಡೆ ಕಮಾಂಡ್ ಲೈನ್ ನೋಡಿ ಪೂರ್ತಿ ಹೆಸರು ಕೊಡುತ್ತದೆ. ಇಷ್ಟೆಲ್ಲ ಲಿನಕ್ಸ್ ಒಂದರ ಕಥೆ. ವಿಂಡೋಸ್‌ನಲ್ಲಿ, ಮ್ಯಾಕ್‌ನಲ್ಲಿ ದಾರಿಯೇ ಬೇರೆ. ನೆಟ್‌ಸ್ಟ್ಯಾಟ್ ಕಮಾಂಡ್ ಓಡಿಸಿ ಬಂದ ಅಕ್ಷರಗಳನ್ನು ಹೆಕ್ಕುವ ಕೋಡನ್ನು ಹಳೆಯ ಪ್ರಾಜೆಕ್ಟ್‌ಗಳಲ್ಲಿ ನೋಡಿದ್ದೇನೆ. ಓದೋಕೂ ಹಿಂಸೆ. ಪಿಎಸ್‌ಯುಟಿಲ್‌ನಲ್ಲಿ ನೆಟ್_ಕನೆಕ್ಷನ್ಸ್ ಅಂತ ಕರೆದರೆ ಸಾಕು, ಈ ಕಡೆಯ ವಿಳಾಸ, ಆ ಕಡೆಯ ವಿಳಾಸ, ಸ್ಥಿತಿ, ಪಿಐಡಿ ಎಲ್ಲ ಅಚ್ಚುಕಟ್ಟಾಗಿ ಬರುತ್ತದೆ.

ತಕರಾರು ಶುರುವಾಗುವುದು ಪರ್ಮಿಷನ್ ವಿಷಯದಲ್ಲಿ. ಅದೇ ನೆಟ್_ಕನೆಕ್ಷನ್ಸ್ ಅನ್ನು ರೂಟ್ (ಎಲ್ಲ ಅಧಿಕಾರವಿರುವ ಯೂಸರ್) ಅಲ್ಲದ ಯೂಸರ್ ಆಗಿ ಕರೆಯಿರಿ. ಮ್ಯಾಕ್‌ನಲ್ಲಿ ನೇರವಾಗಿ ಆಕ್ಸೆಸ್‌ಡಿನೈಡ್ (ಅನುಮತಿ ಇಲ್ಲ) ಅನ್ನುವ ಎರರ್ ಎಸೆಯುತ್ತದೆ. ಲಿನಕ್ಸ್‌ನಲ್ಲಿ ಏನೂ ಎಸೆಯುವುದಿಲ್ಲ. ಪಟ್ಟಿ ಬರುತ್ತದೆ, ಬೇರೆಯವರ ಪ್ರೋಸೆಸ್ ಇರುವ ಕಡೆ ಪಿಐಡಿ ಜಾಗದಲ್ಲಿ ಸುಮ್ನೆ None (ಏನೂ ಇಲ್ಲ) ಅಂತ ಇರುತ್ತದೆ. ನನ್ನ ಕೇಳಿದರೆ ಮ್ಯಾಕ್‌ನ ರೀತಿಯೇ ವಾಸಿ. ತಪ್ಪಿದ್ದರೆ ಮುಖಕ್ಕೆ ಹೇಳುತ್ತದೆ. ಲಿನಕ್ಸ್‌ನದ್ದು ಡ್ಯಾಶ್‌ಬೋರ್ಡ್‌ವರೆಗೂ ಹೋಗಿ "ಪೋರ್ಟ್ ಬಳಕೆಯಲ್ಲಿದೆ, ಮಾಲೀಕರಿಲ್ಲ" ಅಂತ ತೋರಿಸುತ್ತದೆ. ಒಬ್ಬ ಗ್ರಾಹಕರ ಸೆಕ್ಯುರಿಟಿ ತಂಡ ಏಜೆಂಟ್‌ಗೆ ರೂಟ್ ಕೊಡುವುದೇ ಇಲ್ಲ ಅಂತ ಪಟ್ಟು ಹಿಡಿಯಿತು. ಅವರು ಹೇಳುವುದೂ ಸರಿಯೇ. ಕೊನೆಗೆ ಸಿಸ್_ಪಿಟ್ರೇಸ್ ಮತ್ತು ಡಿಎಸಿ_ರೀಡ್_ಸರ್ಚ್ ಅನ್ನುವ ಎರಡು ಕೇಪಬಿಲಿಟಿ (ರೂಟ್ ಅಧಿಕಾರದ ತುಣುಕುಗಳು) ಕೊಡಿಸಿಕೊಂಡ ಮೇಲೆ ಹೆಸರುಗಳು ಬಂದವು. ಅವೂ ಸಣ್ಣ ಅಧಿಕಾರವೇನಲ್ಲ, ಕೇಳುವ ಮೊದಲು ಯೋಚಿಸಿ.

ಪ್ರೋಸೆಸ್‌ಗಳ ವಿಷಯದಲ್ಲಿ ಇದರ ಮೇಲೆ ನನಗೆ ಪೂರ್ತಿ ಭರವಸೆ. ಪಟ್ಟಿ ಮಾಡಿ ಹೆಸರು ಕೇಳುವಷ್ಟರಲ್ಲಿ ಪ್ರೋಸೆಸ್ ಸತ್ತಿರಬಹುದು. ಆಗ ನೋಸಚ್‌ಪ್ರೋಸೆಸ್ ಅನ್ನುವ ಎರರ್ ಬರುತ್ತದೆ, ಅದನ್ನು ಹಿಡಿದು ಮುಂದೆ ಹೋಗುವುದು ದಿನನಿತ್ಯದ ಕೆಲಸ. ಇನ್ನೊಂದು ಅಪಾಯ ಇದೆ. ಸತ್ತ ಪ್ರೋಸೆಸ್‌ನ ಪಿಐಡಿಯನ್ನು ಓಎಸ್ ಇನ್ನೊಂದಕ್ಕೆ ಕೊಟ್ಟಿರಬಹುದು. ಪಿಎಸ್‌ಯುಟಿಲ್ ಪಿಐಡಿ ಜೊತೆ ಹುಟ್ಟಿದ ಸಮಯವನ್ನೂ ಇಟ್ಟುಕೊಳ್ಳುತ್ತದೆ. ಕಿಲ್ ಅಥವಾ ಟರ್ಮಿನೇಟ್ ಮಾಡುವ ಮೊದಲು ಎರಡನ್ನೂ ತಾಳೆ ನೋಡುತ್ತದೆ. ಆದರೆ ನೀವು ಬರೀ ನಂಬರನ್ನು ಡೇಟಾಬೇಸ್‌ನಲ್ಲಿ ಬರೆದಿಟ್ಟು ನಾಳೆ ಅದರಿಂದ ಕೊಲ್ಲಲು ಹೋದರೆ ಈ ಕಾವಲು ಸಿಗುವುದಿಲ್ಲ. ಪ್ರೋಸೆಸ್ ಆಬ್ಜೆಕ್ಟ್ ಕೈಯಲ್ಲಿರಬೇಕು.

ಅಂಗಡಿಗಳಿಂದ ಜಾಸ್ತಿ ಬರುವ ಫೋನ್ ಸಿಪಿಯು ಬಗ್ಗೆ. "ನಿಮ್ಮ ರಿಪೋರ್ಟ್‌ನಲ್ಲಿ 180 ಪರ್ಸೆಂಟ್ ಅಂತಿದೆ ಸಾರ್, ಟಾಸ್ಕ್ ಮ್ಯಾನೇಜರ್‌ನಲ್ಲಿ 45 ಇದೆ." ಎರಡೂ ಸರಿ. ಪಿಎಸ್‌ಯುಟಿಲ್ ಓಎಸ್‌ಗೆ ಕಾಣುವ ಒಂದು ಸಿಪಿಯುವನ್ನು 100 ಅಂತ ಎಣಿಸುತ್ತದೆ, ಟಾಸ್ಕ್ ಮ್ಯಾನೇಜರ್ ಇಡೀ ಮಷೀನನ್ನು 100 ಅಂತ ಎಣಿಸುತ್ತದೆ. ಸಿಪಿಯು ನಾಲ್ಕಿದ್ದರೆ ನಾಲ್ಕರಿಂದ ಭಾಗಿಸಿ ತೋರಿಸಿ, ಫೋನ್ ನಿಲ್ಲುತ್ತದೆ. ಇಂಟರ್ವಲ್ (ಎಷ್ಟು ಹೊತ್ತು ಅಳೆಯಬೇಕು ಅಂತ) ಕೊಡದೆ ಸಿಪಿಯು_ಪರ್ಸೆಂಟ್ ಕರೆದರೆ ಮೊದಲ ಸಲ ಬರುವ 0.0 ಗೆ ಅರ್ಥವಿಲ್ಲ, ಅದನ್ನು ಬಿಸಾಡಿ.

ಮೆಮೊರಿಯಲ್ಲೂ ಹೀಗೇ. ಒಂದೇ ಪ್ರೋಗ್ರಾಂನ ಎಂಟು ವರ್ಕರ್ ಪ್ರೋಸೆಸ್‌ಗಳ ಆರ್‌ಎಸ್‌ಎಸ್ (ಹಂಚಿಕೊಂಡದ್ದೂ ಸೇರಿ ಪ್ರೋಸೆಸ್ ಹಿಡಿದಿರುವ ಮೆಮೊರಿ) ಕೂಡಿಸಿದರೆ ಕೆಲವು ಸಲ ಮಷೀನಿನ ರ್‍ಯಾಮ್‌ಗಿಂತ ಜಾಸ್ತಿ ಆಗುತ್ತದೆ. ಒಂದೇ ಮನೆಯ ಹಜಾರವನ್ನು ಎಲ್ಲ ಬಾಡಿಗೆದಾರರೂ ತಮ್ಮ ಲೆಕ್ಕಕ್ಕೆ ಬರೆದುಕೊಂಡ ಹಾಗೆ. ಹಂಚಿಕೊಳ್ಳದ ಭಾಗ ಎಷ್ಟು ಅಂತ ಬೇಕಿದ್ದರೆ ಯುಎಸ್‌ಎಸ್ ಇದೆ. ಅದು ನಿಧಾನ, ಪರ್ಮಿಷನ್ನೂ ಜಾಸ್ತಿ ಕೇಳುತ್ತದೆ. ನಿಮಿಷಕ್ಕೊಮ್ಮೆ ಎಲ್ಲ ಪ್ರೋಸೆಸ್‌ಗಳಿಗೂ ಕೇಳಬೇಡಿ.

ನನ್ನ ದೊಡ್ಡ ಕೊರಗು ಕಂಟೇನರ್, ಅಂದರೆ ಪ್ರೋಗ್ರಾಂ ಅನ್ನು ಬೇರ್ಪಡಿಸಿ ಓಡಿಸುವ ಡಬ್ಬಿ. ಡಾಕರ್ ಕಂಟೇನರ್‌ಗೆ 512 ಎಂಬಿ ಮಿತಿ ಹಾಕಿ ಒಳಗಿನಿಂದ ವರ್ಚುಯಲ್_ಮೆಮೊರಿ ಕೇಳಿದರೆ ಹೊರಗಿನ ಮಷೀನಿನ ಪೂರ್ತಿ ರ್‍ಯಾಮ್ ಹೇಳುತ್ತದೆ. ಸಿಪಿಯು ಎಣಿಕೆಯೂ ಅಷ್ಟೇ. ಅದು ಓದುವ /ಪ್ರೋಕ್/ಮೆಮ್‌ಇನ್ಫೋ ಫೈಲ್ ಇಡೀ ಮಷೀನಿನದು, ನಿಮ್ಮ ಮಿತಿ ಇರುವುದು ಸಿಗ್ರೂಪ್ (ಪ್ರೋಸೆಸ್ ಗುಂಪಿಗೆ ಮಿತಿ ಹಾಕುವ ಕರ್ನಲ್ ವ್ಯವಸ್ಥೆ) ಫೈಲ್‌ಗಳಲ್ಲಿ. ಅದನ್ನು ನಾವೇ ಓದಿಕೊಳ್ಳಬೇಕು. ಈಗ ಅರ್ಧ ಜಗತ್ತು ಕಂಟೇನರ್‌ನಲ್ಲೇ ಓಡುತ್ತಿರುವಾಗ ಇದು ಕಣ್ಣಿಗೆ ಚುಚ್ಚುತ್ತದೆ.

"ಯಾವ ಪ್ರೋಸೆಸ್ ಎಷ್ಟು ಡೇಟಾ ಎಳೆಯುತ್ತಿದೆ?" ಅನ್ನೋದು ಎಲ್ಲರೂ ಕೇಳುವ ಪ್ರಶ್ನೆ. ಉತ್ತರ ಇಲ್ಲಿಲ್ಲ. ನೆಟ್_ಐಓ_ಕೌಂಟರ್ಸ್ ಇಡೀ ಮಷೀನಿನ ಅಥವಾ ಒಂದೊಂದು ನೆಟ್‌ವರ್ಕ್ ಕಾರ್ಡಿನ ಲೆಕ್ಕ ಮಾತ್ರ ಕೊಡುತ್ತದೆ. ಇದಕ್ಕೆ ಲೈಬ್ರರಿಯನ್ನು ಬೈಯುವಂತಿಲ್ಲ. ಲಿನಕ್ಸ್ ಕರ್ನಲ್ಲೇ /ಪ್ರೋಕ್‌ನಲ್ಲಿ ಆ ಲೆಕ್ಕ ಇಡುವುದಿಲ್ಲ. ಬೇಕೇ ಬೇಕು ಅಂದರೆ, ಕರ್ನಲ್ ಒಳಗೇ ನಮ್ಮ ಸಣ್ಣ ಕೋಡ್ ಓಡಿಸುವ ಇಬಿಪಿಎಫ್ ಕಲಿಯಬೇಕು.

ವೇಗದ ಬಗ್ಗೆ ಎರಡೇ ಮಾತು. ಎಲ್ಲ ಪ್ರೋಸೆಸ್‌ಗಳನ್ನೂ ಸುತ್ತಿ ಬರುವ ಪ್ರೋಸೆಸ್_ಇಟರ್‌ಗೆ ಬೇಕಾದ ಅಂಶಗಳನ್ನಷ್ಟೇ ಪಟ್ಟಿ ಮಾಡಿ ಕೊಡಿ. ಒಂದೇ ಪ್ರೋಸೆಸ್ ಬಗ್ಗೆ ಹಲವು ಪ್ರಶ್ನೆ ಇದ್ದರೆ ಒನ್‌ಶಾಟ್ (ಒಟ್ಟಿಗೆ ಓದುವ ಬ್ಲಾಕ್) ಒಳಗೆ ಕೇಳಿ.

ಬೇರೆ ಭಾಷೆಯವರಿಗೆ: ಗೋನಲ್ಲಿ ಗೋಪಿಎಸ್‌ಯುಟಿಲ್ ಇದೆ. ಜಾವಾ 9ರಿಂದ ಪ್ರೋಸೆಸ್‌ಹ್ಯಾಂಡಲ್ ಭಾಷೆಯ ಜೊತೆಗೇ ಬರುತ್ತದೆ, ಅದು ಸಾಲದಿದ್ದರೆ ಓಶಿ ಲೈಬ್ರರಿ. ನಿಮ್ಮದು ಲಿನಕ್ಸ್ ಮಾತ್ರ, ಲೋಡ್ ಆವರೇಜ್ (ಮಷೀನಿನ ಸರಾಸರಿ ಹೊರೆ) ಒಂದೇ ಬೇಕು ಅಂದರೆ ಯಾವ ಲೈಬ್ರರಿಯೂ ಬೇಡ, /ಪ್ರೋಕ್/ಲೋಡ್ಎವಿಜಿ ಓದಿದರೆ ಮುಗಿಯಿತು.

ಹೊಸದಾಗಿ ಶುರು ಮಾಡುವವರು ಹಳೆಯ ಉದಾಹರಣೆ ಕಾಪಿ ಮಾಡುವಾಗ ನೋಡಿಕೊಳ್ಳಿ. ಪ್ರೋಸೆಸ್‌ನ ಕನೆಕ್ಷನ್ಸ್ ಅನ್ನುವ ಹೆಸರು 2024ರ 6.0 ಆವೃತ್ತಿಯಲ್ಲಿ ನೆಟ್_ಕನೆಕ್ಷನ್ಸ್ ಆಯಿತು. 2025ರ 7.0 ಪೈಥಾನ್ 2.7 ಕೈಬಿಟ್ಟಿತು. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಸ್ಟಾರ್. ಪಿಎಸ್‌ಯುಟಿಲ್ ಸಿಗ್ರೂಪ್ ಮಿತಿ ಓದೋಕೆ ಕಲಿತ ದಿನ ಐದನೆಯದನ್ನೂ ಕೊಡುತ್ತೇನೆ.