ತಣ್ಣೀರಲ್ಲಿ ಕಯಾಕಿಂಗ್: ವೆಟ್‌ಸೂಟೋ, ಡ್ರೈಸೂಟೋ?

ಕಯಾಕ್ ಎಂಬ ಸಪೂರ ದೋಣಿಗೆ ಹುಟ್ಟು ಹಾಕುವ ನನಗೆ, ನೀರು ಒಳಗೆ ಬಾರದ ಉಡುಪಾದ ಡ್ರೈಸೂಟಿಗೆ ಸುರಿದ ದುಡ್ಡು ಸಾರ್ಥಕ. ನೀರು 15 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಈಗ ನಾನು ಬೇರೇನೂ ತೊಡುವುದಿಲ್ಲ. ಅದಕ್ಕೆ ಮೊದಲು ಹಾಕುತ್ತಿದ್ದುದು 3 ಮಿಲಿಮೀಟರಿನ, ತೋಳಿಲ್ಲದ ನಿಯೋಪ್ರೀನ್ (ಸ್ಪಂಜಿನಂಥ ರಬ್ಬರ್) ವೆಟ್‌ಸೂಟ್, ಅಂದರೆ ಮೈಗೆ ಅಂಟಿದಂತೆ ಕೂರುವ ಉಡುಪು.

ಹೊರಗೆ ಎಷ್ಟೇ ಬಿಸಿಲಿರಲಿ, ಉಡುಪು ನೀರಿಗೆ ತಕ್ಕ ಹಾಗಿರಬೇಕು. ತಣ್ಣೀರಿಗೆ ಬಿದ್ದ ಮೊದಲ ನಿಮಿಷ ಉಸಿರು ಹತೋಟಿಗೆ ಬರುವುದಿಲ್ಲ. ಸುಮಾರು 10 ನಿಮಿಷ ಕಳೆದರೆ ಬೆರಳುಗಳು ಹೇಳಿದ ಮಾತು ಕೇಳುವುದಿಲ್ಲ. ಮಗುಚಿದ ಕಯಾಕನ್ನು ಎತ್ತಿ ಹತ್ತಬೇಕಾದದ್ದು ಅಷ್ಟರೊಳಗೇ.

ವೆಟ್‌ಸೂಟಿನೊಳಗೆ ನುಗ್ಗಿದ ತೆಳು ನೀರು ಮೈಶಾಖಕ್ಕೆ ಬೆಚ್ಚಗಾಗುತ್ತದೆ. ನೀರಲ್ಲೇ ಈಜುವವರಿಗೆ ಅದು ಚೆನ್ನ. ನಾವು ನೀರಲ್ಲಿರುವುದು ಕೆಲವೇ ನಿಮಿಷ, ಆಮೇಲೆ ಗಾಳಿಗೆ ಮೈಯೊಡ್ಡಿ ಗಂಟೆಗಟ್ಟಲೆ ಕೂರಬೇಕು. ಆ ಒದ್ದೆ ಆರುತ್ತಾ ಮೈಬಿಸಿಯನ್ನೆಲ್ಲ ಹೀರಿಬಿಡುತ್ತದೆ. ತೋಳು ಬೀಸಲು ಅಡ್ಡಿಯಿಲ್ಲ ಅನ್ನುವುದು ತೋಳಿಲ್ಲದ ವೆಟ್‌ಸೂಟಿನ ಒಳ್ಳೆಯ ಗುಣ.

ಡ್ರೈಸೂಟ್ ನೀರನ್ನು ತಡೆಯುತ್ತದೆ, ಅಷ್ಟೇ. ಬೆಚ್ಚಗಿಡುವುದು ಒಳಗಿನ ಉಣ್ಣೆ ಅಥವಾ ಫ್ಲೀಸ್. ಹತ್ತಿ ಬಟ್ಟೆ ಬೇಡವೇ ಬೇಡ, ಬೆವರಿಗೆ ಒದ್ದೆಯಾದರೆ ಬೇಗ ಆರುವುದಿಲ್ಲ.

ಇನ್ನು ಡ್ರೈಸೂಟಿನ ದೊಡ್ಡ ಕಾಟ, ಕುತ್ತಿಗೆಯ ಲೇಟೆಕ್ಸ್ ಗ್ಯಾಸ್ಕೆಟ್, ಅಂದರೆ ನೀರು ಒಳಗೆ ಬಾರದಂತೆ ಬಿಗಿಯಾಗಿ ಕೂರುವ ರಬ್ಬರ್ ಪಟ್ಟಿ. ಹೊಸದರಲ್ಲಿ ಗಂಟಲು ಹಿಚುಕಿದ ಹಾಗೇ ಇತ್ತು. ಕುತ್ತಿಗೆಗಿಂತ ತುಸು ದಪ್ಪನೆಯ ಡಬ್ಬಿಗೆ ರಾತ್ರಿಯಿಡೀ ಹಿಗ್ಗಿಸಿಟ್ಟೆ, ಸ್ವಲ್ಪ ಸಡಿಲವಾಯಿತು. ಸಾಲದೆ ಹರಿತವಾದ ಕತ್ತರಿಯಿಂದ ಅಂಚಿನ ಒಂದು ಸುತ್ತು ತೆಗೆದೆ. ಅಂಚು ನುಣ್ಣಗಿರಬೇಕು, ಒಂದು ಚಿಕ್ಕ ಕಚ್ಚು ಉಳಿದರೂ ಹರಿಯುವುದು ಅಲ್ಲಿಂದಲೇ. ಒಂದೇ ಸಲ ಹೆಚ್ಚು ಕತ್ತರಿಸಿದರೆ ಸೂಟಿನೊಳಗೆ ನೀರು ಬರುತ್ತದೆ.

ಅಲ್ಲಿಗೂ ಮುಗಿಯಲಿಲ್ಲ. ಬಿಸಿಲು, ಸನ್‌ಸ್ಕ್ರೀನಿನ ಎಣ್ಣೆಯಂಶ ಎರಡೂ ಲೇಟೆಕ್ಸನ್ನು ತಿನ್ನುತ್ತವೆ. ಪ್ರತಿ ಸಲ ಸಿಹಿನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಟಾಲ್ಕಂ ಪುಡಿ ಸವರಬೇಕು. ಹಾಕುವಾಗ ಉಗುರು ತಾಗದಂತೆ ಎರಡು ಅಂಗೈಗಳಿಂದ ಅಗಲಿಸಬೇಕು, ಕಿವಿಯೋಲೆ ಮೊದಲೇ ಬಿಚ್ಚಿಡಬೇಕು. ದಡದಲ್ಲಿ ಗ್ಯಾಸ್ಕೆಟ್ ಹರಿದರೆ ಅವತ್ತಿನ ಕಯಾಕಿಂಗ್ ಮುಗಿದಂತೆ.

ನೀರಿಗಿಳಿಯುವ ಮುಂಚೆ ಕುಕ್ಕರುಗಾಲಲ್ಲಿ ಕೂತು, ಗ್ಯಾಸ್ಕೆಟ್ ತುಸು ಸರಿಸಿ ಒಳಗಿನ ಗಾಳಿ ಬಿಡಿ. ಮೂತ್ರಕ್ಕೆ ಮುಂದಿನ ಜಿಪ್ ಇರುವುದನ್ನೇ ಆರಿಸಿ. ಸೆಕೆಯಾದರೆ ಮೇಲೆ ನೀರು ಚಿಮುಕಿಸಿಕೊಳ್ಳಿ.

ಬೆಲೆ ವೆಟ್‌ಸೂಟಿನ ಹಲವು ಪಟ್ಟು. ನಾನು ಚಳಿಗಾಲದಲ್ಲೂ ದಡದಿಂದ ದೂರ ಹೋಗುವವನು, ಹಾಗಾಗಿ ಹಳೇ ಕಯಾಕನ್ನೇ ಉಳಿಸಿಕೊಂಡು ಹೊಸದಕ್ಕೆ ಕೂಡಿಟ್ಟಿದ್ದನ್ನು ಸೂಟಿಗೆ ಹಾಕಿದೆ. ಬೇಸಗೆಯಲ್ಲಷ್ಟೇ, ದಡದ ಪಕ್ಕದಲ್ಲೇ ಹುಟ್ಟು ಹಾಕುವವರಿಗೆ ವೆಟ್‌ಸೂಟ್ ಸಾಕು, ಮೇಲೊಂದು ಗಾಳಿ ತಡೆಯುವ ಜಾಕೆಟ್ ಇರಲಿ. ಯಾವುದನ್ನೇ ತೊಟ್ಟರೂ ಅದರ ಮೇಲೆ ಲೈಫ್ ಜಾಕೆಟ್ ಬೇಕೇ ಬೇಕು.